ಹುಳುಮನೆಯ ಸೂತಕ

ಶಿವರಾತ್ರಿ ಕಳೆದು ಹದಿನೈದು ದಿನವಾಗಿತ್ತು. ಹೊಲದ ಬದುವಿನ ಹೊಂಗೆಮರಗಳು ಎಲೆಯುದುರಿಸಿ ಮತ್ತೆ ಎಳೆಹಸಿರಾಗುತ್ತಿದ್ದವು. ಬೆಳಿಗ್ಗೆ ಎಂಟಕ್ಕೇ ತಗಡಿನ ಸೂರು ಕಾಯುವ ಕಾಲ. ಮುದ್ದಯ್ಯನವರ ಹುಳುಮನೆಯಲ್ಲಿ ರೇಷ್ಮೆಹುಳುಗಳು ನಾಲ್ಕನೇ ಜ್ವರದಿಂದ ಏಳುತ್ತಿದ್ದವು. ಜ್ವರ ಅಂದರೆ ಕಾಯಿಲೆಯಲ್ಲ. ಹುಳು ತಿನ್ನುವುದನ್ನು ಬಿಟ್ಟು, ತಲೆಯೆತ್ತಿಕೊಂಡು, ಒಂದು ದಿನ ಅಲುಗದೆ ನಿಂತು ಹಳೆಯ ಚರ್ಮ ಕಳಚುತ್ತದೆ. ಎದ್ದ ಮೇಲೆ ಏಳು ದಿನ ತಿನ್ನುವುದೇ ತಿನ್ನುವುದು. ಆಮೇಲೆ ಗೂಡು.

ಸೊಸೆ ಕೆಂಪಾಜಿ ಕಾಲು ತೊಳೆದು, ಒಳಗಿನ ಚಪ್ಪಲಿ ಮೆಟ್ಟಿ, ಸುಣ್ಣದ ಪುಡಿಯನ್ನು ತೆಳುಬಟ್ಟೆಯಲ್ಲಿ ಕಟ್ಟಿಕೊಂಡು ಅಟ್ಟಣೆಯಿಂದ ಅಟ್ಟಣೆಗೆ ಉದುರಿಸುತ್ತ ಹೋಗುತ್ತಿದ್ದಳು. ಎಲ್ಲ ಹುಳುವೂ ಏಳುವ ತನಕ ಸೊಪ್ಪು ಹಾಕಬಾರದು. ಹಾಕಿದರೆ ಬೇಗ ಎದ್ದವು ಮುಂದೆ ಹೋಗಿ, ತಡವಾದವು ಹಿಂದೆ ಬಿದ್ದು, ಗೂಡು ಒಂದೇ ಸಮ ಬರುವುದಿಲ್ಲ.

"ಎದ್ದವೇನವ್ವ?" ಬಲೆ ಹೊಡೆದ ಕಿಟಕಿಯಾಚೆ ಮಾವನ ದನಿ.

"ಇನ್ನೂ ಕಾಲು ಭಾಗ ಮಲಗವೆ, ಮಾವ."

"ಮಲಗ್ಲಿ ಬುಡು, ಆತುರ ಬ್ಯಾಡ. ಅಷ್ಟೊತ್ತಿಗೆ ಸೊಪ್ಪು ಕುಯ್ಕಂಡು ಬತ್ತೀನಿ."

ಅದೇ ಕಡೆಯ ಮಾತಾಯಿತು. ಹತ್ತು ಗಂಟೆಯ ಸುಮಾರಿಗೆ ಹಿಪ್ಪುನೇರಳೆ ತೋಟದ ಮೂರನೇ ಸಾಲಿನಲ್ಲಿ ಮುದ್ದಯ್ಯನವರು ಕುಡುಗೋಲು ಹಿಡಿದಂತೆಯೇ ಕುಳಿತರು. ಕುಳಿತವರು ಏಳಲಿಲ್ಲ. ತೋಟದಲ್ಲಿ ಆಗ ಯಾರೂ ಇರಲಿಲ್ಲ. ಎದೆನೋವು ಬಂದಂದಿನಿಂದ ಅವರ ಮಣಿಕಟ್ಟಿಗೆ ಕಟ್ಟಿದ್ದ ಪಟ್ಟಿಯೊಂದು ಮಾತ್ರ ನಾಡಿ ನಿಂತದ್ದನ್ನು ತಿಳಿದು, ತಿಳಿದದ್ದನ್ನು ಮನೆಯ ಕಂಪ್ಯೂಟರಿಗೆ ಮುಟ್ಟಿಸಿತು.

ಹುಳುಮನೆಯ ಗೋಡೆಯ ಮೇಲಿದ್ದ ಪರದೆಯಲ್ಲಿ ಒಂದು ಸಾಲು ಮೂಡಿತು.

"ಮನೆಗೆ ಸೂತಕ. ಕುಟುಂಬದವರಿಗೆ ಪ್ರವೇಶ ಇಲ್ಲ."

ಕೆಂಪಾಜಿ ಸುಣ್ಣದ ಗಂಟನ್ನು ಕೈಯಲ್ಲೇ ಹಿಡಿದು ಅದನ್ನು ಎರಡು ಸಲ ಓದಿದಳು. ಯಾರ ಸೂತಕ? ತವರಿನದಾದರೆ ಇದಕ್ಕೆ ಹೇಗೆ ಗೊತ್ತಾದೀತು? ಹಾಗೆ ಅಂದುಕೊಳ್ಳುವಷ್ಟರಲ್ಲಿ ತೋಟದ ಕಡೆಯಿಂದ ಅವಳ ಗಂಡ ಶಿವಮಾದು "ಅಪ್ಪಾ" ಎಂದು ಕೂಗಿದ್ದು ಕೇಳಿಸಿತು.

* * *

ಮನೆ ಕಂಪ್ಯೂಟರು ಆ ಊರಿಗೆ ಬಂದು ಹನ್ನೆರಡು ವರ್ಷವಾಗಿತ್ತು. ಅದರ ಲೆಕ್ಕದಲ್ಲಿ ಮನೆಯೊಳಗಿನ ಪ್ರತಿಯೊಂದೂ ಒಂದು ಫೈಲು. ಕದ ಒಂದು ಫೈಲು, ಫ್ಯಾನು ಒಂದು ಫೈಲು, ಮಂಜು ಚಿಮುಕಿಸುವ ನಳ ಒಂದು ಫೈಲು. ಫೈಲು ತೆರೆಯಲು ಅನುಮತಿ ಇದ್ದವರಿಗೆ ಕದ ತೆರೆಯುತ್ತಿತ್ತು, ಇಲ್ಲದವರಿಗೆ ಇಲ್ಲ. ಬೀಗದ ಕೈಯನ್ನೇ ಕಾಣದ ಮಕ್ಕಳು ಆಗಲೇ ಶಾಲೆಗೆ ಹೋಗುತ್ತಿದ್ದರು. ಅತ್ತೆ ಸೊಸೆಗೆ ಮಾತು ಬೆಳೆದ ಮನೆಯಲ್ಲಿ ತುಪ್ಪದ ಬೀರು ಸೊಸೆಯ ಕೈಗೆ ತೆರೆಯುತ್ತಿರಲಿಲ್ಲ. ಅಣ್ಣತಮ್ಮಂದಿರು ಭಾಗವಾದರೆ ಮೊದಲು ಬೇರೆಯಾಗುತ್ತಿದ್ದದ್ದು ಬೋರ್‌ವೆಲ್ಲಿನ ಅನುಮತಿ. ಪ್ರತಿ ಫೈಲಿಗೂ ಒಬ್ಬ ಯಜಮಾನ. ಯಾರಿಗೆ ಏನು ಎಂಬುದನ್ನು ಬರೆಯುವವನು, ಅಳಿಸುವವನು ಅವನೊಬ್ಬನೇ.

ಮುದ್ದಯ್ಯನವರು ಮೊದಲು ಅದನ್ನು ನಂಬಲಿಲ್ಲ. ನಂಬಿದ ಮೇಲೆ ಅದಕ್ಕೆ ತಮ್ಮ ಮನೆಯ ಕಟ್ಟಳೆಯನ್ನೆಲ್ಲ ಒಂದೊಂದಾಗಿ ಕಲಿಸಿದರು. ಬೀಡಿ ಸೇದಿ ಬಂದವರಿಗೆ ಹುಳುಮನೆ ಇಲ್ಲ. ಬೇರೆಯವರ ಹುಳು ಮುಟ್ಟಿ ಬಂದವರಿಗೆ ಇಲ್ಲ. ಮನೆಗೆ ಸೂತಕ ಬಂದರೆ ಹನ್ನೊಂದು ದಿನ ಮನೆಯವರಾರಿಗೂ ಇಲ್ಲ. ಅಷ್ಟು ದಿನ, ಈ ಸೂತಕ ತಟ್ಟದ ಬೇರೆ ಬೆಡಗಿನ ಬೋರಮ್ಮ ಬಂದು ಸೊಪ್ಪು ಹಾಕಬೇಕು. ಅವರ ಅಪ್ಪನ ಕಾಲದಿಂದಲೂ ನಡೆದುಬಂದದ್ದು ಹಾಗೆಯೇ.

ಬೋರಮ್ಮ ಹೋದ ವರ್ಷ ತೀರಿಕೊಂಡಿದ್ದಳು. ಆ ಜಾಗದಲ್ಲಿ ಇನ್ನೊಂದು ಹೆಸರು ಬರೆಯಿರಿ ಎಂದು ಶಿವಮಾದು ಒಮ್ಮೆ ಹೇಳಿದ್ದಕ್ಕೆ ಮುದ್ದಯ್ಯನವರು ಸಿಡುಕಿದ್ದರು. "ನಮ್ಮನೇಲಿ ಯಾರು ಸಾಯ್ತಾವ್ರೆ ಅಂತ ಈಗ್ಲೇ ಹೆಸ್ರು ಬರೀಲಾ? ಸಾವ್ನ ಕರೆದು ಎಲೆ ಹಾಕ್ದಂಗಾಯ್ತದೆ."

ಹೆಸರು ಹಾಗೇ ಉಳಿದಿತ್ತು.

* * *

ಶಿವಮಾದು ಕಿಟಕಿಗೆ ಬಂದಾಗ ಅವನ ಮೊಣಕಾಲ ತನಕ ತೋಟದ ಕೆಸರಿತ್ತು. "ಅಪ್ಪ ಹೋದ ಕಣೆ," ಎಂದ. ಕೆಂಪಾಜಿ ಕಿಟಕಿಯ ಬಲೆಗೆ ಹಣೆ ಒತ್ತಿ ಅತ್ತಳು. ಅವನು ಹೊರಗೆ ನಿಂತು ಅತ್ತ.

ಆಮೇಲೆ ಅವಳು ಕದದ ಕಡೆ ನಡೆದಳು. ಕದದ ಮೇಲಿನ ಚಿಕ್ಕ ದೀಪ ಹಳದಿಯಾಯಿತು. "ಹೊರಹೋಗಬಹುದು. ಮತ್ತೆ ಒಳಬರಲು ಅನುಮತಿ ಇಲ್ಲ. ಒಳಗಿನ ಕೆಲಸ ನಿಲ್ಲಿಸಲೇ?" ಎಂದು ಪರದೆ ಕೇಳಿತು.

ಅವಳ ಕಾಲು ನಿಂತಿತು. ಹಿಂದೆ ಎಂಟು ಸಾಲು ಅಟ್ಟಣೆಗಳಲ್ಲಿ ಹುಳುಗಳು ತಲೆ ಆಡಿಸುತ್ತ ಸೊಪ್ಪಿಗೆ ಹುಡುಕುತ್ತಿದ್ದವು.

"ಇವ್ರೇ, ಸೊಸೈಟಿ ಮೇಲಿನ ಆ ಬಾನುಗೆ ಫೋನ್ ಹಚ್ಚಿ," ಎಂದಳು. "ನಾನು ಈಚೆಗೆ ಬರಾಕಿಲ್ಲ. ಬಂದ್ರೆ ಇವು ಸಾಯ್ತವೆ."

* * *

ಶಮೀಮ್ ಬಾನು ಕುಳಿತಿದ್ದ ಕೋಣೆ ಹಾಲಿನ ಸೊಸೈಟಿಯ ಮಾಳಿಗೆಯ ಮೇಲಿತ್ತು. ಕೆಳಗೆ ಕ್ಯಾನುಗಳ ಸದ್ದು, ಹುಳಿ ಹಾಲಿನ ವಾಸನೆ. ಮೇಲೆ ಹನ್ನೊಂದು ಹಳ್ಳಿಗಳ ಮನೆ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಮೂರು ಪರದೆಗಳು. ಅವಳ ತಾಯಿ ರಾಮನಗರದಲ್ಲಿ ನೂಲು ಬಿಚ್ಚುತ್ತಿದ್ದವಳು. ಗೂಡು ಬೆಂದ ಬಿಸಿನೀರಿನಲ್ಲಿ ಎಳೆಯ ತುದಿ ಹುಡುಕುವ ತಾಳ್ಮೆ ಮಗಳಿಗೆ ಬೇರೆ ದಾರಿಯಲ್ಲಿ ಬಂದಿತ್ತು. ದಿನಕ್ಕೆ ಹತ್ತು ಜನ ಫೋನ್ ಮಾಡಿ, ಬಚ್ಚಲ ಕದ ತೆಗೀತಿಲ್ಲ, ಮಗ ಹಟ್ಟಿಯ ದೀಪಕ್ಕೆ ಅಡ್ಡ ಹಾಕವ್ನೆ ಎಂದು ಗೋಳಾಡುತ್ತಿದ್ದರು. ಎಲ್ಲರಿಗೂ ಅವಳು ಮೊದಲು ಹೇಳುತ್ತಿದ್ದದ್ದು ಒಂದೇ ಮಾತು: ಏನೂ ಒತ್ತಬೇಡಿ.

"ಅಕ್ಕ, ಏನೂ ಒತ್ತಬೇಡಿ," ಎಂದಳು ಈಗಲೂ, ಹುಳುಮನೆಯ ಪರದೆಯ ಮೂಲಕ. "ಕದದ ಹತ್ತಿರಾನೂ ಹೋಗಬೇಡಿ. ನೋಡ್ತಿದೀನಿ."

ಅವಳು ನೋಡಿದಳು. ಹುಳುಮನೆಯ ನಲವತ್ತಾರು ಫೈಲಿಗೂ ಯಜಮಾನ ಮುದ್ದಯ್ಯ. ಕುಟುಂಬದ ಗುಂಪಿಗೆ 'ಬೇಡ' ಎಂದು ಬಿದ್ದಿತ್ತು. ಕೆಂಪಾಜಿಗೆ ಬೇರೆಯಾಗಿ 'ಬರಬಹುದು' ಎಂದೂ ಬರೆದಿತ್ತು. ಆದರೆ ಒಬ್ಬರಿಗೇ ಎರಡೂ ಇದ್ದರೆ ಗೆಲ್ಲುವುದು 'ಬೇಡ'. ಬೋರಮ್ಮನ ಹೆಸರಿದ್ದ ಜಾಗದಲ್ಲಿ, ಸತ್ತ ಮೇಲೆ ಜನರ ಪಟ್ಟಿಯಿಂದ ಹೆಸರು ಅಳಿದುಹೋದ್ದರಿಂದ, ಉದ್ದನೆಯ ಅಂಕಿ ಮಾತ್ರ ಉಳಿದಿತ್ತು. ಆ ಅಂಕಿಗೆ ಮುಖವಿಲ್ಲ, ಕೈಯಿಲ್ಲ.

"ಹಾಗಾದ್ರೆ ನಾನ್ಯಾಕೆ ಇನ್ನೂ ಒಳಗಿದೀನಿ?" ಕೆಂಪಾಜಿ ಕೇಳಿದಳು.

"ನೀವು ಸೂತಕಕ್ಕೆ ಮೊದಲೇ ಒಳಗೆ ಹೋದೋರು. ಬಾಗಿಲಲ್ಲಿ ಅನುಮತಿ ನೋಡೋದು ಒಂದೇ ಸಲ, ಒಳಗೆ ಬರೋವಾಗ. ಈಚೆ ಬರೋ ತನಕ ಆ ಹಳೇ ಅನುಮತಿ ನಡೆಯುತ್ತೆ. ಫ್ಯಾನು, ನೀರು ಎಲ್ಲಾ ನಿಮ್ಮ ಹೆಸರಲ್ಲೇ ಓಡ್ತಿದೆ. ಈಚೆ ಬಂದರೆ ಹನ್ನೊಂದು ದಿನ ಯಾರೂ ಒಳಗೆ ಹೋಗೋ ಹಾಗಿಲ್ಲ."

"ಕದ ಒಡೆದ್ರೆ?" ಶಿವಮಾದು ಕೇಳಿದ.

"ಒಡೆದ್ರೆ ಕಳ್ಳ ಬಂದ ಅಂತ ತಿಳ್ಕೊಂಡು ಎಲ್ಲಾ ನಿಲ್ಲಿಸುತ್ತೆ, ಅಣ್ಣ. ಕಂಪ್ಯೂಟರ್ ಆರಿಸಿದ್ರೂ ಅಷ್ಟೇ. ಈ ಬಿಸಿಲಲ್ಲಿ ಫ್ಯಾನು, ನೀರು ನಿಂತ್ರೆ ತಗಡಿನ ಕೆಳಗೆ ಹುಳ ಎಷ್ಟು ಹೊತ್ತು?"

ಎಷ್ಟು ಹೊತ್ತೆಂದು ಅವನಿಗೆ ಗೊತ್ತಿತ್ತು.

ಶಮೀಮ್ ಮೇಲಿನ ಕಚೇರಿಗೆ ಕೇಳಿದಳು. ಯಜಮಾನ ಸತ್ತರೆ ಪೌತಿ ಖಾತೆ ಆಗಬೇಕು, ವಂಶವೃಕ್ಷ ತರಬೇಕು, ಅದಾದ ಮೇಲೆ ಯಜಮಾನಿಕೆ ಬದಲು ಎಂದರು. ಎಷ್ಟು ದಿನ ಎಂದರೆ, ತಿಥಿಯೊಳಗೆ ಆಗಬಹುದು ಎಂದರು.

* * *

ಸೊಪ್ಪು ಒಳಗೆ ಕೊಡಲು ಗೋಡೆಯಲ್ಲಿ ಎರಡು ಮುಚ್ಚಳದ ಕಿಂಡಿಯೊಂದಿತ್ತು. ಸೂತಕದವರು ಸೊಪ್ಪು ಮುಟ್ಟಬಾರದೆಂದು, ಬೋರಮ್ಮನ ಸೊಸೆ ದುಂಡಮ್ಮ ಹೊರೆ ಹೊತ್ತು ಬಂದಳು. ಆ ಬೆಳೆಗೆ ಅವರ ಮನೆಯಲ್ಲಿ ಹುಳು ಇರಲಿಲ್ಲ. ಕಿಂಡಿಗೆ ಸೊಪ್ಪು ತುರುಕುತ್ತ ಅವಳು, "ಅಲ್ಲ ಕಣೆ ಕೆಂಪಾಜಿ, ಊರೋರು ಏನಂತಾವ್ರೆ ಗೊತ್ತಾ? ಮಾವನ ಹೆಣ ಜಗಲೀಲಿ ಮಡಗ್ಬುಟ್ಟು ಸೊಸೆ ಹುಳ ಮೇಯಿಸ್ತಾವ್ಳೆ ಅಂತಾವ್ರೆ. ಸೂತಕದ ಕೈ ಬ್ಯಾರೆ," ಎಂದಳು.

"ಅನ್ಲಿ ಬುಡಕ್ಕ."

"ನಾನೂ ಅಂದೆ ಅನ್ಕೋ. ಆಮೇಕೆ ಸೊಪ್ಪು ಹೊತ್ಕಂಡು ಬಂದೆ." ದುಂಡಮ್ಮ ಬೆವರು ಒರೆಸಿಕೊಂಡಳು. "ಒಂದ್ ಕೆಲ್ಸ ಮಾಡು. ನಿನ್ ಸೀರೆ ಬಳೆ ಎಲ್ಲ ಒಳಗೇ ಬುಟ್ಟು ಬಂದ್ಬುಡು. ಒಳಗವ್ಳೆ ಅನ್ಕಂಡಿರ್ತದೆ, ಆ ಪೆದ್ದು ಯಂತ್ರ."

"ಅದು ಸೀರೆ ನೋಡಾಕಿಲ್ಲ ಕಣಕ್ಕ, ನಡಿಗೆ ನೋಡ್ತದೆ. ಸೀರೆ ಬುಟ್ಟು ಬಂದ್ರೆ ಊರೋರು ಇನ್ನೊಂದು ಅಂದಾರು."

ಇಬ್ಬರಿಗೂ ನಗು ಬಂತು. ನಕ್ಕದ್ದು ತಪ್ಪೆನಿಸಿ ದುಂಡಮ್ಮ ಮತ್ತೆ ಸೊಪ್ಪು ತುರುಕತೊಡಗಿದಳು.

ಕೆಂಪಾಜಿ ಸೊಪ್ಪು ಹಾಕಿದಳು. ಮೊದಲ ಅಟ್ಟಣೆಯಿಂದ ಕಡೆಯ ಅಟ್ಟಣೆಗೆ ಹೋಗಿ ತಿರುಗಿ ನೋಡುವಷ್ಟರಲ್ಲಿ ಮೊದಲಿನದರಲ್ಲಿ ಕಡ್ಡಿ ಕಾಣುತ್ತಿತ್ತು. ಸೆಕೆಗೆ ರವಿಕೆ ಬೆನ್ನಿಗೆ ಅಂಟಿಕೊಂಡಿತು. ಅಲ್ಲಿ ನೀರಿನ ಕೊಡ ಇರಲಿಲ್ಲ. ಮಂಜಿನ ನಳದ ಕೆಳಗೆ ಬೊಗಸೆಯೊಡ್ಡಿ ನೆಕ್ಕಿಕೊಂಡಳು. ಮನೆಯ ಕಡೆಯಿಂದ ತಮಟೆ ಕೇಳಿಸತೊಡಗಿತು. ಹೆಂಗಸರು ಹೇಳಿ ಹೇಳಿ ಅಳುವುದೂ ಕೇಳಿಸಿತು. ಮಾವನನ್ನು ಈಗ ಜಗಲಿಯಲ್ಲಿ ಗೋಡೆಗೊರಗಿಸಿ ಕೂರಿಸಿರುತ್ತಾರೆ, ಹಣೆಗೆ ವಿಭೂತಿ ಇಟ್ಟಿರುತ್ತಾರೆ. ನೂರು ಹೆಜ್ಜೆ ದೂರ. ಮದುವೆಯಾಗಿ ಹದಿನಾಲ್ಕು ವರ್ಷ. ಅತ್ತೆ ಇಲ್ಲದ ಮನೆಯಲ್ಲಿ ಅವಳಿಗೆ ಹುಳುವಿನ ಮೈಮುಟ್ಟಿ ಬಿಸಿ ಅಳೆಯುವುದನ್ನು ಕಲಿಸಿದ ಮನುಷ್ಯ. ಗುಣಿಗೆ ಒಂದು ಹಿಡಿ ಮಣ್ಣು ಹಾಕುವುದು ಬಿಟ್ಟು ಇನ್ನೇನು ತೀರಿಸಲಿಕ್ಕಿದೆ? ಅದಕ್ಕಾದರೂ ಹೊರಗೆ ಹೋದರೆ, ಅವರು ಮರಿಹುಳು ಸಾಕುವ ಚಾಕಿ ಮನೆಯಿಂದ ಬುಟ್ಟಿಯಲ್ಲಿ ತಲೆಯ ಮೇಲೆ ಹೊತ್ತು ತಂದ ಈ ಮರಿಗಳು ಹಸಿದು ಸಾಯುತ್ತವೆ. ಒಳಗೇ ಉಳಿದರೆ ಅವರು ಅವಳ ಮಣ್ಣಿಲ್ಲದೆ ಹೋಗುತ್ತಾರೆ.

ಕದದ ದೀಪ ಹಳದಿಯಾಗಿ ಉರಿಯುತ್ತಲೇ ಇತ್ತು. ಕದಕ್ಕೆ ಬೀಗ ಬಿದ್ದಿರಲಿಲ್ಲ. ಅದೇ ಅವಳಿಗೆ ತಡೆಯಲಾಗದ್ದು.

* * *

ಎರಡೂವರೆಗೆ ಶಮೀಮ್ ಊಟದ ಡಬ್ಬಿಯನ್ನು ತೆರೆದವಳು ಮತ್ತೆ ಮುಚ್ಚಿದಳು. ಹುಳುಮನೆಯ ಫೈಲುಗಳನ್ನೆಲ್ಲ ಎರಡೆರಡು ಸಲ ನೋಡಿ ಮುಗಿದಿತ್ತು. ಇನ್ನು ನೋಡದೆ ಉಳಿದದ್ದು ಆ ಹೆಂಗಸಿನದೇ ಪಟ್ಟಿ. ಕೆಂಪಾಜಿಯ ಹೆಸರಿನಲ್ಲಿ ಏನೇನಿದೆ ಎಂಬುದು. ತವರಿನ ಗೇಟು, ಅಡಿಗೆಮನೆ, ರೇಷನ್ನು. ಕೆಳಗೆ, ತಿಳಿಬಣ್ಣದಲ್ಲಿ, ಒಂದು ಸಾಲು.

"ಬಾಕಿ ಇರುವ ಒಪ್ಪಿಗೆ: ೧."

ಅವಳು ತೆರೆದಳು. ಓದಿದಳು. ಕುರ್ಚಿಯಿಂದ ಎದ್ದುನಿಂತಳು.

"ಅಕ್ಕ, ನಿಮ್ಮ ಮಾವ ಎರಡು ವರ್ಷದ ಹಿಂದೇನೇ ಹುಳುಮನೆಗೆ ನಿಮ್ಮನ್ನ ಜೊತೆ ಯಜಮಾನಿ ಮಾಡಿದಾರೆ! ನೀವು ಒಪ್ಪಿಲ್ಲ, ಅಷ್ಟೇ. ಒಂದು ವರ್ಷಕ್ಕೆ ಅದು ಬಿದ್ದುಹೋಗಬೇಕಿತ್ತು, ಹೋದ ಯುಗಾದಿಗೆ ಮತ್ತೆ ಹೊಸದು ಮಾಡಿದಾರೆ. ಜೀವ ಇದ್ದಾಗ ಕೊಟ್ಟಿದ್ದು, ಇನ್ನೂ ನಡೆಯುತ್ತೆ. ಯಾಕಕ್ಕ ಒಪ್ಪಲಿಲ್ಲ?"

ಕೆಂಪಾಜಿಗೆ ಆ ದಿನ ನೆನಪಿತ್ತು. ಇದೇ ಪರದೆಯ ಮುಂದೆ ಮಾವ ಅವಳನ್ನು ನಿಲ್ಲಿಸಿದ್ದರು. ಯಾರೋ ಮೋಸದಿಂದ ಆಸ್ತಿ ಬರೆಸಿಕೊಳ್ಳಬಾರದೆಂದು, ಪಡೆಯುವವರು ಕೊಡುವವರ ಹೆಸರನ್ನು ತಮ್ಮ ಬಾಯಿಂದ ಹೇಳಬೇಕೆಂಬುದು ಅದರ ಕ್ರಮ. "ಕೊಡುವವರ ಹೆಸರು ಹೇಳಿ," ಎಂದಿತ್ತು ಅದು. ಮಾವನ ಹೆಸರು! ಆ ಹೆಸರನ್ನು ಹೋಲುತ್ತದೆಂದು ಅವಳು ಊಟದ ಮುದ್ದೆಯನ್ನೂ 'ಹಿಟ್ಟು' ಎಂದೇ ಕರೆಯುತ್ತಿದ್ದಳು. ಗಣತಿಯವರು ಬಂದರೆ ಪಕ್ಕದವರನ್ನು ಮುಂದೆ ತಳ್ಳಿ ಹೇಳಿಸುತ್ತಿದ್ದಳು. ಸೆರಗನ್ನು ಬಾಯಿಗಿಟ್ಟುಕೊಂಡು ಸುಮ್ಮನೆ ನಿಂತಿದ್ದಳು ಅಂದು. ಮುದ್ದಯ್ಯನವರು ಹೊಟ್ಟೆ ಹಿಡಿದು ನಕ್ಕಿದ್ದರು. "ಹೋಗ್ಲಿ ಬುಡವ್ವ, ಇನ್ನೊಂದಿನ ಹೇಳೀಯಂತೆ. ಇದೊಂದು ಬಾಕಿ ನಿನ್ ಮ್ಯಾಲಿರ್ಲಿ."

"ಹೆಸ್ರು ಹೇಳ್ಬೇಕಿತ್ತು," ಎಂದಳು ಈಗ, ಇಷ್ಟೇ ಇಷ್ಟು ದನಿಯಲ್ಲಿ.

ಶಮೀಮಳ ಅಜ್ಜಿಯೂ ತಾತನ ಹೆಸರು ಹೇಳದೆಯೇ ಸತ್ತವಳು. "ಅಕ್ಕ, ಮೂರು ಸಲ ಕೇಳುತ್ತೆ. ಅವತ್ತು ನೀವು ಸುಮ್ಮನಿದ್ದದ್ದು ಒಂದು. ಇನ್ನು ಎರಡಿದೆ. ಅದೂ ತಪ್ಪಿದ್ರೆ ಅದು ಬಿದ್ದುಹೋಗುತ್ತೆ, ನನ್ನ ಕೈಲೂ ಆಗಲ್ಲ. ಗಟ್ಟಿಯಾಗಿ, ಪೂರ್ತಿ ಹೇಳಬೇಕು. ಕೇಳಿಸಲಾ?"

"ಕೇಳ್ಸು."

"ಕೊಡುವವರ ಹೆಸರು ಹೇಳಿ," ಎಂದಿತು ಪರದೆ.

ಕೆಂಪಾಜಿ ಬಾಯಿ ತೆರೆದಳು. ಹದಿನಾಲ್ಕು ವರ್ಷ ಸವೆದ ದಾರಿಯಲ್ಲೇ ನಾಲಿಗೆ ಹೊರಳಿತು.

"ಮಾವ."

"ಹೊಂದಲಿಲ್ಲ. ಒಂದು ಅವಕಾಶ ಉಳಿದಿದೆ."

ಅವಳು ಅಟ್ಟಣೆಯ ಕಂಬ ಹಿಡಿದು ಕುಕ್ಕುರುಗಾಲಿನಲ್ಲಿ ಕುಳಿತಳು. "ಆಗಾಕಿಲ್ಲ ಕಣವ್ವ ಬಾನು. ಗಂಟ್ಲಿಗೆ ಬತ್ತದೆ, ಅಲ್ಲೇ ನಿಂತ್ಕತದೆ. ಅವ್ರು ಇನ್ನೂ ಜಗಲೀಲಿ ಕುಂತವ್ರೆ."

* * *

ಮೂರೂವರೆಗೆ ತಮಟೆ ಮುಂದಾಗಿ ಚಟ್ಟ ಹೊರಟಿತು. ಮನೆಗೂ ಗುಣಿಗೂ ನಡುವೆ ಒಮ್ಮೆ ಚಟ್ಟ ಇಳಿಸಿ ಹೆಗಲು ಬದಲಿಸುವುದು ಆ ಕಡೆಯ ವಾಡಿಕೆ. ಇಳಿಸುವ ಜಾಗ ಹಳ್ಳದ ದಂಡೆ. ಶಿವಮಾದು ಕೈಯಲ್ಲಿ ಬೆಂಕಿಮಡಕೆ ಹಿಡಿದು ಮುಂದೆ ನಡೆದವನು ಹುಳುಮನೆಯ ಹತ್ತಿರ ನಿಂತುಬಿಟ್ಟ.

"ಇಲ್ಲೇ ಇಳಿಸಿ."

"ಇಲ್ಲೇನ್ಲಾ? ಹಳ್ಳ ಇನ್ನೂ ಮುಂದದೆ," ಎಂದರು ಹಿರಿಯರೊಬ್ಬರು.

"ಇಲ್ಲೇ ಇಳಿಸಿ ದೊಡ್ಡಪ್ಪ. ನನ್ ಹೆಂಡ್ರು ಒಳಗವ್ಳೆ."

ಇಳಿಸಿದರು. ಕೆಂಪಾಜಿ ಬಲೆಯ ಕಿಟಕಿಗೆ ಬಂದಳು. ಬಲೆಯ ಸಣ್ಣ ಕಣ್ಣುಗಳೊಳಗಿಂದ ಮಾವನ ಮುಖ ಚೂರು ಚೂರಾಗಿ ಕಂಡಿತು. ಬಾಯಿ ಸ್ವಲ್ಪ ತೆರೆದಿತ್ತು, "ಎದ್ದವೇನವ್ವ?" ಎಂದು ಕೇಳುವ ಹಾಗೆ. ಕಿವಿಯ ಹಿಂದೆ ಒಂದು ಹಿಪ್ಪುನೇರಳೆ ಎಲೆ ಸಿಕ್ಕಿಕೊಂಡಿತ್ತು. ಮೈ ತೊಳೆದವರು ಯಾರೂ ನೋಡಿರಲಿಲ್ಲ.

"ಬೇಗ ಆಗ್ಲಿ, ಹೊತ್ತು ಇಳೀತದೆ," ಎಂದು ಯಾರೋ ಅಂದರು.

"ಎಲ್ಲಾ ಎದ್ದವೆ, ಮಾವ," ಎಂದಳು ಕೆಂಪಾಜಿ. "ಸೊಪ್ಪು ಹಾಕಿವ್ನಿ." ಆಮೇಲೆ ತಿರುಗದೆಯೇ, "ಬಾನು, ಕೇಳ್ಸವ್ವ," ಎಂದಳು.

"ಕೊಡುವವರ ಹೆಸರು ಹೇಳಿ."

ಹೊರಗೆ ಊರಿನ ಗಂಡಸರೆಲ್ಲ ನಿಂತಿದ್ದರು. ತಮಟೆ ನಿಂತಿತ್ತು. ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಆ ಮುಖವನ್ನೇ ನೋಡುತ್ತ, ದೂರದ ಹೊಲದಲ್ಲಿರುವವರನ್ನು ಊಟಕ್ಕೆ ಕರೆಯುವಷ್ಟು ಗಟ್ಟಿಯಾಗಿ ಹೇಳಿದಳು.

"ಮುದ್ದಯ್ಯ."

ಜನ ಹೌಹಾರಿ ಕಿಟಕಿಯತ್ತ ತಿರುಗಿದರು. ಅವಳಿಗೆ ಅದು ಕಾಣಲಿಲ್ಲ.

"ಒಪ್ಪಿಗೆಯಾಯಿತು," ಎಂದಿತು ಪರದೆ. "ಯಜಮಾನರು: ಕೆಂಪಾಜಮ್ಮ."

ಶಮೀಮ್ ದನಿ ಒಡೆದು ಬಂತು. "ಅಕ್ಕ, ಈಗ ಬೋರಮ್ಮನ ಜಾಗಕ್ಕೆ ಹೊರಗಿನ ಕೈ ಯಾರು ಅಂತ ಹೇಳಿ. ಬೇಗ."

"ದುಂಡಮ್ಮ!" ಎಂದು ಅವಳು ಕೂಗಿದಳು. ಅದು ಹೆಸರು ಬರೆಸಿದ್ದೂ ಹೌದು, ಕರೆದದ್ದೂ ಹೌದು. ದುಂಡಮ್ಮ ಸೊಪ್ಪಿನ ಹೊರೆ ಬಿಸಾಕಿ, ಕಾಲು ತೊಳೆದು ಕದದೊಳಗೆ ಬಂದಳು. ಎದುರಿನಿಂದ ಕೆಂಪಾಜಿ ಹೊರಗೆ ಹೋದಳು. ದೀಪ ಕೆಂಪಾಯಿತು.

ಚಟ್ಟದ ಪಕ್ಕ ಬಗ್ಗಿ, ಅವಳು ಮಾವನ ಕಿವಿಯ ಹಿಂದಿನ ಎಲೆಯನ್ನು ತೆಗೆಯಲು ಕೈ ಚಾಚಿದಳು; ಯೋಚಿಸಿ, ಹಾಗೇ ಬಿಟ್ಟಳು. ಹೆಗಲುಗಳು ಎದ್ದವು. ಹಳ್ಳದಾಚೆಯ ಹೊಲದಲ್ಲಿ ಗುಣಿಯ ಅಂಚಿಗೆ ನಿಂತು, ಎಲ್ಲರ ಜೊತೆಗೆ, ಒಂದು ಹಿಡಿ ಮಣ್ಣು ಹಾಕಿದಳು. ಅಂಗೈಯಲ್ಲಿ ಬೆಳಗಿನ ಸುಣ್ಣ ಇನ್ನೂ ಇದ್ದದ್ದರಿಂದ ಮಣ್ಣು ಬೆಳ್ಳಗೆ ಬಿತ್ತು.

* * *

ಸಂಜೆ, ತಲೆಯ ಮೇಲೆ ನೀರು ಹೊಯ್ದುಕೊಂಡು, ಒದ್ದೆ ಕೂದಲಿನಲ್ಲೇ ಅವಳು ಹುಳುಮನೆಯ ಹೊರಗಿನ ಒಗೆಯುವ ಕಲ್ಲಿನ ಮೇಲೆ ಕುಳಿತಳು. ಶಮೀಮ್ ಫೋನ್ ಮಾಡಿದ್ದಳು.

"ಅಕ್ಕ, ಈಗ ನೀವೇ ಯಜಮಾನಿ. ಆ ಸೂತಕದ ನಿಯಮ ತೆಗೆದುಬಿಡಲಾ? ನೀವು ಹೂಂ ಅಂದ್ರೆ ಸಾಕು, ಈಗಲೇ ಒಳಗೆ ಹೋಗಬಹುದು."

ಕೆಂಪಾಜಿ ಕದವನ್ನು ನೋಡಿದಳು. ಹಗಲೆಲ್ಲ ಸೂತಕದ ಕೈಯಿಂದಲೇ ಎಂಟು ಸಾಲನ್ನೂ ಮುಟ್ಟಿದ್ದಳು. ಒಂದು ಹುಳುವೂ ಬಾಡಿರಲಿಲ್ಲ. ಒಳಗಿಂದ ಅವು ತಿನ್ನುವ ಸದ್ದು, ಒಣಹುಲ್ಲಿನ ಮೇಲೆ ತುಂತುರು ಬಿದ್ದ ಹಾಗೆ, ಬಿಡುವಿಲ್ಲದೆ ಬರುತ್ತಿತ್ತು. ಬೆಳಿಗ್ಗೆ ಹೊರಗೆ ಬರಲಾಗದೆ ಒಳಗಿದ್ದಳು. ಈಗ ಒಳಗೆ ಹೋಗದೆ ಹೊರಗೆ.

"ಹನ್ನೊಂದು ದಿನ ಇರ್ಲಿ ಕಣವ್ವ," ಎಂದಳು. "ಅವ್ರು ಬರೆದದ್ದು. ಆಮೇಕೆ ನೋಡಾನ."

"ಆಯ್ತಕ್ಕ. ನಿಮ್ಮ ಹೆಸರಲ್ಲಿ ಈಗ ಬಾಕಿ ಏನೂ ಇಲ್ಲ. ಪಟ್ಟಿ ಖಾಲಿ ತೋರಿಸ್ತಿದೆ."

ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿರಲಿಲ್ಲ. ದುಂಡಮ್ಮನ ಮನೆಯಿಂದ ಊಟ ಬಂದಿತ್ತು. ಕೈ ತೊಳೆದು ಈಚೆ ಬಂದ ದುಂಡಮ್ಮ ತಟ್ಟೆ ಮುಂದಿಟ್ಟು, ಕಣ್ಣು ಮಿಟುಕಿಸಿ ಕೇಳಿದಳು. "ಈಗಂತೂ ಊರಿಗೆಲ್ಲ ಕೇಳಂಗೆ ಹೇಳಿದ್ಯಲ್ಲ. ಹೇಳವ್ವ, ಮುದ್ದೆ ಎಷ್ಟು ಇಕ್ಕಾನ?"

ಕೆಂಪಾಜಿ ಸೆರಗು ಸರಿಮಾಡಿಕೊಂಡಳು.

"ಅರ್ಧ ಹಿಟ್ಟು ಸಾಕು ಕಣಕ್ಕ," ಎಂದಳು.